ಎಂಟು ವರ್ಷದ ಕೈಗಳು

ಉಗುರಿನಲ್ಲಿ ಹಿಟ್ಟು, ದೊಡ್ಡತ್ತೆಯ ಬಲಗೈ ಹೆಬ್ಬೆರಳಿನ ಉಗುರಿನ ಕೆಳಗೆ ಒಣಗಿದ ಹಿಟ್ಟು, ಅದೇ ಬೆರಳಿನಿಂದ ಅವಳು ಈಗತಾನೆ ಕರಿದ ಬೌರ್ಸಾಕು, ಹಿಟ್ಟಿನ ಉಂಡೆಗಳನ್ನು ಬುಟ್ಟಿಗೆ ತಳ್ಳುತ್ತಿದ್ದಾಳೆ, ನಾದಿದ ಮೇಲೆ ಕೈ ತೊಳೆದಿಲ್ಲ, ಖಂಡಿತ ತೊಳೆದಿಲ್ಲ — ನೋಡಬೇಡ ಕಾಮ್ಶಾತ್, ಇವತ್ತೊಂದು ದಿನ ಯಾರ ಉಗುರನ್ನೂ ನೋಡಬೇಡ, ಇದು ನಿನ್ನ ಮಗನ ಹಬ್ಬ, ನೀನು ಬೀಗ ಜಡಿಯಲು ಬಂದ ಹೋಟೆಲಿನ ಅಡುಗೆಮನೆಯಲ್ಲ — ಆದರೆ ಕಣ್ಣು ಕೇಳಬೇಕಲ್ಲ, ಜನರ ಮುಖಕ್ಕಿಂತ ಮೊದಲು ಅವರ ಕೈಗೆ ಹೋಗುತ್ತದೆ, ಮೂವತ್ತೊಂದು ವರ್ಷದಿಂದ ಹೀಗೇ, ಈ ಕಣ್ಣನ್ನು ನನಗೆ ಹೆತ್ತವಳು ಕೊಡಲಿಲ್ಲ, ಕೊಟ್ಟವಳು ಇನ್ನು ಅರ್ಧ ಗಂಟೆಯಲ್ಲಿ ಈ ಅಂಗಳಕ್ಕೆ ಬರುತ್ತಾಳೆ, ಬಂದು ನನ್ನ ಮಗನ ಕಾಲಿನ ಹುರಿ ಕತ್ತರಿಸುತ್ತಾಳೆ. ಬಲ್ಕಿಯಾ ಟೀಚರು. ಊರಿಗೆ ಊರೇ ಅವರು ಅನ್ನುತ್ತದೆ, ಎದುರಿಗೆ ನಾನೂ ನೀವು, ತಾವು, ಮನಸ್ಸಿನೊಳಗೆ ಮಾತ್ರ ಅವಳು, ಇಷ್ಟೇ ನನ್ನ ಶೌರ್ಯ, ಕೈಲಾಗದವಳು ಮೈ ಪರಚಿಕೊಂಡ ಹಾಗೆ. ಅತ್ತೆ, ಗಂಡನ ತಾಯಿ, ಜಗಲಿಯ ಮೇಲೆ ಕೂತು ಹುರಿ ಹೊಸೆಯುತ್ತಿದ್ದಾಳೆ, ಲಂಗ ಮೊಣಕಾಲ ತನಕ ಎತ್ತಿ, ಕಪ್ಪು ಉಣ್ಣೆ ಒಂದೆಳೆ, ಬಿಳಿ ಉಣ್ಣೆ ಒಂದೆಳೆ, ಅಂಗೈಯಿಂದ ಮೀನಖಂಡದ ಮೇಲೆ ಉಜ್ಜಿ ಉಜ್ಜಿ, ಮಗು ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಿತೆಂದರೆ ಕಾಲಿಗೆ ಈ ಹುರಿ ಕಟ್ಟಬೇಕು, ಊರಿನಲ್ಲಿ ಹೆಸರು ತೆಗೆದವರೊಬ್ಬರು ಕತ್ತರಿಸಬೇಕು, ಕತ್ತರಿಸಿದವರ ನಡೆಯೇ ಮಗುವಿನ ನಡೆ, ಅವರ ಗುಣವೇ ಅದರ ಗುಣ, ಅದಕ್ಕೇ ಹೆಣ್ಣು ನೋಡುವುದಕ್ಕಿಂತ ಹೆಚ್ಚು ಯೋಚಿಸಿ ಕತ್ತರಿಸುವವರನ್ನು ಆರಿಸುತ್ತಾರೆ, ಸೋಮಾರಿಯನ್ನು ಕರೆಯುವುದಿಲ್ಲ, ಸುಳ್ಳನನ್ನು ಕರೆಯುವುದಿಲ್ಲ, ಕುಡುಕನನ್ನು ಬಾಗಿಲಿಗೂ ಸೇರಿಸುವುದಿಲ್ಲ, ಈ ಟೀಚರನ್ನು ಮಾತ್ರ ಕಾರು ಕಳಿಸಿ ಕರೆಸುತ್ತಾರೆ. ಎಸೆನ್ ನನ್ನ ತೊಡೆಯ ಮೇಲೆ ಕೊಸರಾಡುತ್ತಿದ್ದಾನೆ, ಇಳಿಸು ಇಳಿಸು ಎಂದು, ಹನ್ನೊಂದು ತಿಂಗಳ ಮಗು, ಅಂಗಾಲು ಇನ್ನೂ ಬೆಣ್ಣೆ, ಎಲ್ಲಿಗೆ ಹೋಗಬೇಕೆಂದು ಅವನಿಗೂ ಗೊತ್ತಿಲ್ಲ, ಹೋಗಬೇಕು ಅಷ್ಟೆ.

ಮಂಗಳವಾರವೇ ತೀರ್ಮಾನವಾಗಿ ಹೋಗಿತ್ತು, ನನ್ನನ್ನು ಕೇಳಲಿಲ್ಲ, ಅತ್ತೆ ಚಹಾಕ್ಕೆ ಹಾಲು ಬೆರೆಸುತ್ತ ಹೇಳಿಬಿಟ್ಟಳು, ಟೀಚರಿಗೆ ಹೇಳಿ ಬಂದಿದ್ದೀನಿ ಕಣಮ್ಮ, ಒಪ್ಕೊಂಡ್ರು, ಅಂಥಾ ಇನ್ನೊಂದು ಕೈ ಈ ಊರಲ್ಲಿ ಎಲ್ಲಿದೆ, ನಿನ್ನನ್ನೇ ನೋಡು, ಅವರ ಹತ್ರ ಕಲಿತು ಹೆಂಗೆ ನಿಂತಿದ್ದೀಯ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ — ನಾನು ಬಟ್ಟಲು ಕೆಳಗಿಟ್ಟೆ, ಬೇರೆ ಯಾರಾದರೂ ಆಗಬಹುದಿತ್ತು ಅಂದೆ, ಯಾಕೆ ಅಂತ ಅತ್ತೆ ಕೇಳಿದಳು, ಏನು ಹೇಳಲಿ, ಟೀಚರು ನನ್ನನ್ನು ಒಂದು ದಿನವೂ ಹೊಡೆಯಲಿಲ್ಲ, ಗದರಲಿಲ್ಲ, ಮೂರು ವರ್ಷ ಮೊದಲ ಬೆಂಚಿನಲ್ಲಿ, ಒಲೆಯ ಪಕ್ಕ ಕೂರಿಸಿದಳು, ಇದನ್ನು ದೂರು ಎಂದು ಯಾರು ಒಪ್ಪುತ್ತಾರೆ. ಬೆರ್ದಿಬೆಕ್ ನಕ್ಕ, ನನ್ನ ಗಂಡ, ಅವನೂ ಅವಳ ಕೈಕೆಳಗೆ ಕಲಿತವನೇ, ನನಗಿಂತ ಎರಡು ತರಗತಿ ಮುಂದೆ, ಏನೇ ನಿಂದು, ಅಳತೆಪಟ್ಟಿ ಮುರಿಯೋ ಹಂಗೆ ಏಟು ತಿಂದೋನು ನಾನು, ನಾನೇ ಸುಮ್ನಿದ್ದೀನಿ, ಆ ಏಟು ಬಿದ್ದಿದ್ದಕ್ಕೇ ಮನುಷ್ಯ ಆದೆ. ಮನುಷ್ಯನಾದನಂತೆ. ಮೇಲಧಿಕಾರಿ ಫೋನು ಮಾಡಿದರೆ ಊಟದ ನಡುವೆ ಎದ್ದು ನಿಂತು ಮಾತಾಡುವ ಮನುಷ್ಯ, ಯಾರಾದರೂ ಧ್ವನಿ ಏರಿಸಿದರೆ ಅಂಗೈ ಮುಚ್ಚಿಕೊಂಡು ಕಂಕುಳಲ್ಲಿ ಸಿಕ್ಕಿಸಿಕೊಳ್ಳುವ ಮನುಷ್ಯ, ಈ ಊರಿನಲ್ಲಿ ಮೂವತ್ತು ದಾಟಿದವರೆಲ್ಲ ಅಂಥವರೇ, ಅವಳು ತಿದ್ದಿ ತೀಡಿದ ಮನುಷ್ಯರು, ಆಮೇಲೆ ನಮ್ಮೂರು ಎಷ್ಟು ಶಿಸ್ತು ನೋಡಿ ಎಂದು ಎದೆ ಉಬ್ಬಿಸುತ್ತಾರೆ. ಕಾರಿನ ಸದ್ದು. ಬಂದಳು, ಬಾಗಿಲು ತೆಗೆಯುವುದಕ್ಕೆ ಮೂವರು ಓಡಿದರು, ಅಂಗಳದಲ್ಲಿ ಕೂತಿದ್ದ ಐವತ್ತು ಜನ ಎದ್ದು ನಿಂತರು, ಗಡ್ಡ ನರೆತವರು, ಕುರಿ ಕೊಯ್ದು ಕೈ ತೊಳೆಯುತ್ತಿದ್ದವರು, ಮೊಮ್ಮಕ್ಕಳನ್ನು ಎತ್ತಿಕೊಂಡವರು, ಯಾರೂ ಹೇಳದೆ, ಒಟ್ಟಿಗೆ, ಬೆಂಚುಗಳು ಕಿರುಗುಟ್ಟಿ ಹಿಂದೆ ಸರಿದವು, ನಾನೂ ಎದ್ದಿದ್ದೆ, ಏಳಬೇಕೆಂದು ಎದ್ದದ್ದಲ್ಲ, ಮೊಣಕಾಲು ಎದ್ದಿತು. ಕೂತ್ಕೊಳ್ಳಿ ಮಕ್ಕಳೇ, ಅಂದಳು, ಐವತ್ತು ಜನ ಕೂತರು. ಎಷ್ಟು ಚಿಕ್ಕವಳಾಗಿ ಹೋಗಿದ್ದಾಳೆ, ನನ್ನ ಭುಜಕ್ಕೆ ಬರುತ್ತಾಳೆ, ಬಿಳಿ ತಲೆವಸ್ತ್ರ, ಊರುಗೋಲು, ಬಟ್ಟೆ ಸೋಪಿನ ಅದೇ ವಾಸನೆ, ನೇರ ನನ್ನ ಹತ್ತಿರ ಬಂದು ನಮ್ ಕಾಮ್ಶಾತ್, ನನ್ನ ಬಲಗೈ ಇವಳು, ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, ಆಮೇಲೆ ಎಸೆನ್‌ನ ಮುಷ್ಟಿ ಬಿಡಿಸಿ, ಅಂಗೈ ಮಗುಚಿ, ಉಗುರು ನೋಡಿದಳು. ಮೊದಲು ಮುಖ ನೋಡಲಿಲ್ಲ. ಬೆಳೆದಿದೆಯಲ್ಲಮ್ಮ, ಅಂದಳು.

ನಾನು ತಲೆ ತಗ್ಗಿಸಿದೆ, ಹೌದು, ಮೂವತ್ತೊಂಬತ್ತು ವರ್ಷದವಳು, ಎರಡು ಮಕ್ಕಳ ತಾಯಿ, ಕತ್ತರಿಸುತ್ತೇನೆ ಟೀಚರ್ ಅಂದೆ, ಥೂ. ಬಲಗೈಯಂತೆ, ಪಟ್ಟಿ ಇದ್ದದ್ದು ಎಡ ತೋಳಿನಲ್ಲಿ, ಬಿಳಿ ಬಟ್ಟೆಯ ಪಟ್ಟಿ, ಕೆಂಪು ದಾರದಲ್ಲಿ ಹೊಲಿದ ಆಸ್ಪತ್ರೆ ಗುರುತು, ಎರಡನೇ ತರಗತಿಯ ಶುಚಿ ನಾಯಕಿ, ಬೆಳಿಗ್ಗೆ ಮೊದಲ ಗಂಟೆ ಹೊಡೆಯುವ ಮುಂಚೆ ಮೂವತ್ತು ಮಕ್ಕಳು ಕೈ ಮುಂದೆ ಚಾಚಿ ನಿಲ್ಲಬೇಕು, ನಾನು ಸಾಲಿನ ಉದ್ದಕ್ಕೂ ನಡೆಯಬೇಕು, ಉಗುರು, ಕತ್ತು, ಕಾಲರು, ಕಿವಿಯ ಹಿಂದೆ, ತಲೆ, ಬೈತಲೆ ಬಿಡಿಸಿ ನೋಡುವುದಕ್ಕೆ ಒಂದು ಪೆನ್ಸಿಲ್ಲು, ನನ್ನ ಬೆರಳು ಎಲ್ಲಿ ನಿಂತರೆ ಅಲ್ಲಿ ಅವಳ ಕಣ್ಣು ಬಂದು ನಿಲ್ಲುತ್ತಿತ್ತು, ಆಹಾ ಎಂಥ ಸುಖ ಅದು, ಸುಳ್ಳು ಯಾಕೆ ಹೇಳಲಿ, ಎಂಟು ವರ್ಷದ ಮಗುವಿನ ಬೆರಳಿಗೆ ಅಷ್ಟು ಅಧಿಕಾರ, ಮಲಗುವಾಗಲೂ ಪಟ್ಟಿ ಬಿಚ್ಚುತ್ತಿರಲಿಲ್ಲ. ಆಗ ಸಕ್ಕರೆ ಕಾರ್ಖಾನೆ ಮುಚ್ಚಿತ್ತು, ಕರೆಂಟಿಲ್ಲ, ಸೀಮೆಎಣ್ಣೆ ಇಲ್ಲ, ಸೋಪಿಲ್ಲ, ತರಗತಿಯ ನಡುವೆ ಒಂದು ಕಬ್ಬಿಣದ ಒಲೆ, ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಬೆರಣಿ ತರಬೇಕು, ತಂದವರಿಗೆ ಒಲೆಯ ಹತ್ತಿರ ಜಾಗ, ತರದವರು ಕಿಟಕಿಯ ಕಡೆ, ಸುತ್ತಲಿನ ಮೂರು ಊರುಗಳ ಶಾಲೆ ಮುಚ್ಚಿದರೂ ಅವಳು ನಮ್ಮದನ್ನು ಮುಚ್ಚಗೊಡಲಿಲ್ಲ, ಸಂಬಳವಿಲ್ಲದೆ, ಫೆಲ್ಟ್ ಬೂಟು ಹಾಕಿಕೊಂಡು, ಕೆಮ್ಮುತ್ತ ಪಾಠ ಮಾಡಿದಳು, ಅದು ನಿಜ, ಆ ನಿಜವೇ ನನ್ನ ಬಾಯಿಗೆ ಬಟ್ಟೆ ತುರುಕುತ್ತದೆ, ಅಂಥವಳ ಮೇಲೆ ಸಿಟ್ಟು ಮಾಡುವುದು ಹೇಗೆ ಎಂದು. ಉರ್ಕಿಯಾ ನನ್ನ ಬೆಂಚಿನವಳು. ತಾಯಿ ಇಲ್ಲ, ಅಜ್ಜಿಯ ಹತ್ತಿರ ಬೆಳೆದವಳು, ಸೊಂಟ ದಾಟುವ ಜಡೆ, ಅಜ್ಜಿ ಪ್ರತಿ ಭಾನುವಾರ ಹುಳಿ ಹಾಲು ಹಚ್ಚಿ ತೊಳೆಯುತ್ತಿದ್ದಳು, ಉರ್ಕಿಯಾಳ ಪಕ್ಕ ಕೂತರೆ ಮಜ್ಜಿಗೆಯ ವಾಸನೆ, ಚಳಿಗೆ ನಾವಿಬ್ಬರೂ ಒಂದೇ ಟೋಪಿಯನ್ನು ಸರದಿಯ ಮೇಲೆ ಹಾಕಿಕೊಳ್ಳುತ್ತಿದ್ದೆವು. ಫೆಬ್ರವರಿಯ ಒಂದು ಬೆಳಿಗ್ಗೆ ನನ್ನ ಪೆನ್ಸಿಲ್ಲು ಅವಳ ಬೈತಲೆಯಲ್ಲಿ ನಿಂತಿತು. ದಾಟಿ ಹೋಗಬಹುದಿತ್ತು. ಅವಳು ಹಾಗೆಯೇ ತಲೆ ಬಗ್ಗಿಸಿಕೊಂಡು, ಇವಳು ನನ್ನವಳು, ಹೇಳುವುದಿಲ್ಲ ಎಂಬ ಧೈರ್ಯದಲ್ಲಿ, ಮೆಲ್ಲಗೆ ಹಾಡು ಗುನುಗುತ್ತಿದ್ದಳು. ಟೀಚರ್, ಇಲ್ಲಿದೆ, ಅಂದೆ.

ಆಮೇಲಿನದನ್ನು ಬೇಗ ದಾಟಿಬಿಡುತ್ತೇನೆ, ಯಾವಾಗಲೂ ಬೇಗ ದಾಟುತ್ತೇನೆ, ಕತ್ತರಿ, ಕರಿಹಲಗೆಯ ಮುಂದೆ ಸ್ಟೂಲು, ಹೇನಿಂದ ಟೈಫಸ್ ಜ್ವರ ಬಂದ್ರೆ ಎಲ್ರೂ ಸಾಯ್ತೀರಿ ಎಂದು ಅವಳು ತರಗತಿಗೆ ಹೇಳಿದ್ದು, ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಗಣಿತ ಹೇಳಿಕೊಡುವ ಧ್ವನಿಯೇ, ಜಡೆ ದಪ್ಪ, ಕತ್ತರಿ ಮೊಂಡು, ಜಾರುತ್ತದೆ, ಬಿಗಿಯಾಗಿ ಹಿಡಿ ಕಾಮ್ಶಾತ್, ಅಂದಳು. ಹಿಡಿದೆ. ನಾನೇ ಹಿಡಿದೆ, ಹೇಳಿಬಿಡು, ಈ ಅಂಗಳದಲ್ಲಿ ನಿಂತಾದರೂ ನಿನಗೆ ನೀನೇ ಹೇಳಿಕೋ, ಎರಡು ಬೆರಳಿನಲ್ಲಿ, ಹೆಬ್ಬೆರಳು ತೋರುಬೆರಳು, ಜಡೆಯ ತುದಿಯನ್ನು ಎಳೆದು ತಂತಿಯ ಹಾಗೆ ನಿಲ್ಲಿಸಿದೆ, ಚೆನ್ನಾಗಿ ಹಿಡಿಯಬೇಕು, ಟೀಚರಿಗೆ ತೊಂದರೆಯಾಗಬಾರದು, ಇಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು, ಉರ್ಕಿಯಾಳ ಕತ್ತು ನಡುಗುತ್ತಿದ್ದದ್ದು ಜಡೆಯ ಮೂಲಕ ನನ್ನ ಬೆರಳಿಗೆ ಬರುತ್ತಿತ್ತು, ಆದರೂ ಬಿಡಲಿಲ್ಲ. ಜಡೆ ಒಲೆಗೆ ಹೋಯಿತು. ಸುಟ್ಟ ಕೂದಲಿನ ವಾಸನೆ ಬೆರಣಿಯ ವಾಸನೆಯನ್ನು ಮೀರಿ ಮೂರು ದಿನ ತರಗತಿಯಲ್ಲಿ ನಿಂತಿತ್ತು. ಮಧ್ಯಾಹ್ನ ಅವಳ ಅಜ್ಜಿ ಗೇಟಿನ ಹತ್ತಿರ ಬಂದು ನಿಂತಳು, ಕೈಯಲ್ಲೊಂದು ಬಿಳಿ ವಸ್ತ್ರ, ಕೂದಲಾದ್ರೂ ಕೊಡಿ, ಮಣ್ಣು ಮಾಡ್ತೀನಿ, ಹೆಣ್ಮಗಳ ಕೂದಲು ಸುಡಬಾರ್ದು, ಅಂದಳಂತೆ, ಕೊಡುವುದಕ್ಕೆ ಏನೂ ಉಳಿದಿರಲಿಲ್ಲ, ಮುದುಕಿ ಖಾಲಿ ವಸ್ತ್ರವನ್ನು ಮಡಚಿಕೊಂಡು ಹೋದಳು. ಮತ್ತೆ ನಾನು, ಅವತ್ತು ಸಂಜೆ ಅಮ್ಮ ನನ್ನ ತಲೆ ಬಾಚಿದಳು, ಬಾಚಣಿಗೆಯಿಂದ ಎರಡು ಹೇನು ಬಿಳಿ ಕಾಗದದ ಮೇಲೆ ಉದುರಿದವು, ಒಂದೇ ಟೋಪಿ ಅಲ್ಲವೇ, ಯಾರಿಂದ ಯಾರಿಗೆ ಬಂತೋ ದೇವರಿಗೇ ಗೊತ್ತು. ಅಮ್ಮ ಉಗುರಿನಿಂದ ಕುಕ್ಕಿದಳು, ಟಕ್, ಟಕ್, ಯಾರಿಗೂ ಹೇಳ್ಬೇಡ ಅಂದಳು, ನನ್ನ ತಲೆಯನ್ನು ಯಾರೂ ನೋಡಲಿಲ್ಲ, ಪಟ್ಟಿ ಕಟ್ಟಿಕೊಂಡವರ ತಲೆಯನ್ನು ಯಾರು ನೋಡುತ್ತಾರೆ. ಉರ್ಕಿಯಾ ಮತ್ತೆ ಶಾಲೆಗೆ ಬರಲಿಲ್ಲ. ಬೆಂಚಿನಲ್ಲಿ ನನಗೆ ಜಾಗ ವಿಶಾಲವಾಯಿತು.

ಅಲ್ಲಿಂದ ನೇರ ದಾರಿ, ಒಂದು ತಿರುವೂ ಇಲ್ಲ, ಶುಚಿ ನಾಯಕಿ, ತರಗತಿಯ ನಾಯಕಿ, ಕಾಲೇಜಿನಲ್ಲಿ ಹಾಸ್ಟೆಲಿನ ಕೋಣೆ ತಪಾಸಣೆ, ಈಗ ಜಿಲ್ಲೆಯ ನೈರ್ಮಲ್ಯ ಪರೀಕ್ಷಕಿ, ನಾನು ಕಾಲಿಟ್ಟರೆ ಕ್ಯಾಂಟೀನುಗಳಲ್ಲಿ ಹೆಂಗಸರು ಸೌಟು ಕೆಳಗಿಟ್ಟು ಕೈ ಚಾಚುತ್ತಾರೆ, ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಹುಟ್ಟುಗುಣವಲ್ಲ ಸ್ವಾಮಿ ಇದು, ಕಲಿಸಿದ ಗುಣ, ಹುಟ್ಟಿದಾಗ ನಾನೂ ಇವನ ಹಾಗೆಯೇ ಮುಷ್ಟಿ ಕಟ್ಟಿಕೊಂಡು ಕಂಡಕಂಡ ಕಡೆ ಓಡಲು ನೋಡಿದವಳೇ ಇರಬೇಕು. ಅದೂ ಹೋಗಲಿ, ಕೆಲಸ ಅಂದುಕೊಂಡೆ, ಹೊಟ್ಟೆಪಾಡು ಅಂದುಕೊಂಡೆ, ಹೋದ ತಿಂಗಳ ತನಕ. ಹೋದ ತಿಂಗಳು ಸಂಜೆ ಮನೆಗೆ ಬಂದೆ, ಚಪ್ಪಲಿ ಬಿಡುತ್ತಿದ್ದೆ, ಮೆಯ್ರಿಮ್ ಒಳಗಿಂದ ಓಡಿ ಬಂದಳು, ನನ್ನ ಮಗಳು, ಏಳು ವರ್ಷ, ತಬ್ಬಿಕೊಳ್ಳುತ್ತಾಳೆ ಎಂದು ಬಗ್ಗಿದೆ, ಅವಳು ಎರಡು ಮಾರು ದೂರದಲ್ಲಿ ನಿಂತು ಎರಡೂ ಕೈ ಮುಂದೆ ಚಾಚಿದಳು, ಅಂಗೈ ಕೆಳಗೆ, ಬೆರಳು ಅಗಲಿಸಿ, ಆಮೇಲೆ ಮಗುಚಿದಳು. ನೋಡಮ್ಮ, ಅಂದಳು. ನಾನು ಕೇಳಿರಲಿಲ್ಲ, ಅವತ್ತು ಕೇಳಿರಲಿಲ್ಲ, ಹಾಗಾದರೆ ಎಷ್ಟು ಸಲ ಕೇಳಿದ್ದೆ, ಎಷ್ಟು ಸಂಜೆ ಬಾಗಿಲಲ್ಲೇ ಕೇಳಿದ್ದೆ, ಮುತ್ತಿಗಿಂತ ಮೊದಲು ಎಷ್ಟು ವರ್ಷ ಕೇಳಿದ್ದೆ, ನನಗೇ ನೆನಪಿಲ್ಲ. ಚೊಕ್ಕವಾಗಿದೆ, ಒಳಗೆ ಹೋಗು, ಅಂದೆ, ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟು ಕೂತೆ. ಅವತ್ತೇ ನಿರ್ಧಾರ ಮಾಡಿದ್ದು, ಎಸೆನ್‌ನನ್ನಾದರೂ ಅವಳ ಕೈಗೆ ಬಿಡುವುದಿಲ್ಲ, ಇವನ ಕೈ ಯಾರ ಮುಂದೆಯೂ ಹಾಗೆ ಚಾಚುವುದಿಲ್ಲ, ಮಣ್ಣು ಮೆತ್ತಿಕೊಂಡು ಬರಲಿ, ಹೇನು ಹತ್ತಿಸಿಕೊಂಡು ಬರಲಿ, ಇವನ ಹುರಿಯನ್ನು ಉರ್ಕಿಯಾ ಕತ್ತರಿಸಬೇಕು.

ಉರ್ಕಿಯಾ ಎಲ್ಲಿದ್ದಾಳೆಂದು ನನಗೆ ಗೊತ್ತಿತ್ತು, ಹೆದ್ದಾರಿಯ ಬದಿ, ಕಣಿವೆಗೆ ಇಳಿಯುವ ತಿರುವಿನಲ್ಲಿ, ನೀಲಿ ತಗಡಿನ ಗುಡಿಸಲು, ಕುದುರೆ ಹಾಲಿನ ಕುಮಿಸ್, ಒಣ ಮೊಸರಿನ ಉಂಡೆ, ಬೇಸಿಗೆಯಲ್ಲಿ ಏಪ್ರಿಕಾಟು, ಏಳು ವರ್ಷದಿಂದ ಆ ತಿರುವು ಬಂದರೆ ಡ್ರೈವರಿಗೆ ಬೇಗ ಓಡಿಸು ಅನ್ನುತ್ತಿದ್ದೆ. ಎರಡು ವಾರದ ಹಿಂದೆ ನಿಲ್ಲಿಸು ಅಂದೆ. ಕೂದಲು ಗಂಡಸಿನ ಹಾಗೆ ಚಿಕ್ಕದು, ದೊಡ್ಡ ನಗು, ನಾಲ್ಕು ಗಂಡುಮಕ್ಕಳು, ಕುದುರೆ ಹತ್ತಿದರೆ ಊರಿನ ಯುವಕರು ಹಿಂದೆ ಬೀಳುತ್ತಾರೆ, ಓಟದಲ್ಲೂ ಹಾಗೆ, ನನ್ನ ಮಗನಿಗೆ ಇಂಥ ಕಾಲಲ್ಲವೇ ಬೇಕಾದದ್ದು. ಜೀಪು ಕಂಡದ್ದೇ ಅವಳು ಬಟ್ಟಲು ಪಕ್ಕಕ್ಕಿಟ್ಟು, ನಗು ಆರಿಸಿ, ಎರಡೂ ಕೈ ಮುಂದೆ ಚಾಚಿದಳು. ಎರಡೂ ಬದಿ ನೋಡು ಕಾಮ್ಶಾತ್, ಅಂದಳು, ಪೆನ್ಸಿಲ್ ತಂದಿದ್ದೀಯೋ ನಾನೇ ಕೊಡ್ಲೋ. ನಾನು ತಪಾಸಣೆಗೆ ಬಂದಿಲ್ಲ ಅಂದೆ, ಮಗನ ಹುರಿಯ ವಿಷಯ ಹೇಳಿದೆ, ನೀನೇ ಕತ್ತರಿಸಬೇಕು ಅಂದೆ, ಕ್ಷಮಿಸು ಎಂಬುದನ್ನೂ ಹೇಳಬೇಕೆಂದು ಜೀಪಿನಲ್ಲಿ ಹತ್ತು ಸಲ ಹೇಳಿಕೊಂಡು ಬಂದಿದ್ದೆ, ಅದು ಬಾಯಿಗೆ ಬರಲಿಲ್ಲ, ಅದರ ಬದಲು ನಿನ್ನ ಅಜ್ಜಿ ಹೇಗಿದ್ದಾರೆ ಎಂದು ಕೇಳಿದೆ, ಅಜ್ಜಿ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅವಳು ಕುಮಿಸ್ ಕಡೆಯುವ ಕೋಲನ್ನು ಮತ್ತೆ ಹಿಡಿದಳು. ನಾನ್ಯಾಕೆ ಕಣೇ, ದಾರಿ ಬದೀಲಿ ಹಾಲು ಮಾರೋಳು, ನಾಲ್ಕಕ್ಷರ ಬಾರದೋಳು, ಅವರನ್ನೇ ಕರಿ, ಟೀಚರನ್ನ, ನಿನ್ನ ಹಾಗೇ ಆಗ್ತಾನೆ ನಿನ್ನ ಮಗ, ಕೈ ನೋಡ್ಕೊಂಡು ಬದುಕ್ತಾನೆ. ಕೆಟ್ಟದ್ದಾಗಿ ಹೇಳಲಿಲ್ಲ, ಗಿರಾಕಿಗೆ ಬೆಲೆ ಹೇಳುವ ಹಾಗೆ ಹೇಳಿದಳು, ಒಂದು ಬಟ್ಟಲು ಕುಮಿಸ್ ಕೊಟ್ಟಳು, ಕುಡಿಯುವಾಗ ಬಟ್ಟಲಿನ ಅಂಚು ಶುಚಿಯಾಗಿದೆಯೇ ಎಂದು ನಾನು ನೋಡಿದೆ, ಅವಳು ನಾನು ನೋಡಿದ್ದನ್ನು ನೋಡಿದಳು, ಆಗ ಮಾತ್ರ ನಕ್ಕಳು. ಆಮೇಲೆ ಅತ್ತೆಗೆ ಯಾರ ಹೆಸರು ಹೇಳಲಿ, ನನ್ನ ಹತ್ತಿರ ಬೇರೆ ಹೆಸರೇ ಇರಲಿಲ್ಲ.

ಬಿಳಿ ಬಟ್ಟೆ ಹಾಸುತ್ತಿದ್ದಾರೆ, ಅಂಗಳದ ಈ ತುದಿಯಿಂದ ಆ ತುದಿಗೆ, ದೊಡ್ಡತ್ತೆ ಮಡಿಲ ತುಂಬ ಮಿಠಾಯಿ ಹಿಡಿದು ಎರಚಲು ಸಿದ್ಧವಾಗಿ ನಿಂತಿದ್ದಾಳೆ, ಅದೇ ಹಿಟ್ಟಿನ ಉಗುರು, ಬೆರ್ದಿಬೆಕ್ ಫೋನೆತ್ತಿ ಚಿತ್ರ ತೆಗೆಯುತ್ತಿದ್ದಾನೆ, ಅತ್ತೆ ಎಸೆನ್‌ನ ಎರಡು ಕಾಲಿಗೆ ಹುರಿ ಸುತ್ತಿ ಕಟ್ಟಿದಳು, ಅವನು ಒಂದು ಹೆಜ್ಜೆ ಎತ್ತಲು ನೋಡಿದ, ಆಗಲಿಲ್ಲ, ಬಗ್ಗಿ ತನ್ನ ಕಾಲನ್ನು ನೋಡಿಕೊಂಡ, ಅಳಲಿಲ್ಲ, ಏನಿದು ಎಂಬಂತೆ ತಲೆ ಎತ್ತಿ ನನ್ನನ್ನು ನೋಡಿದ. ಬೇಡ ಅನ್ನುತ್ತೇನೆ, ಒಂದೇ ಮಾತು, ಎರಡಕ್ಷರ, ಬೇಡ ಟೀಚರ್, ನನ್ನ ಮಗನನ್ನು ಮುಟ್ಟಬೇಡಿ, ಆಮೇಲೆ ಆಗುವುದು ಆಗಲಿ, ಅತ್ತೆ ಆರು ತಿಂಗಳು ಮಾತು ಬಿಡಲಿ, ಊರು ಉಗಿಯಲಿ, ತಾಯಿಗೆ ಇಷ್ಟೂ ಹಕ್ಕಿಲ್ಲವೇ, ಮಗನನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ, ಹುರಿಯನ್ನು ಹಲ್ಲಿನಿಂದ ನಾನೇ ಕಡಿಯುತ್ತೇನೆ, ಅವಳು ಬಗ್ಗುವ ತನಕ ತಡೆ, ಬಗ್ಗಿದ ಕೂಡಲೇ ಹೇಳು. ಇಬ್ಬರು ಅವಳ ತೋಳು ಹಿಡಿದು ಕೂರಿಸಿದರು, ಮೊಣಕಾಲಿನ ನೋವಿಗೆ ತುಟಿ ಕಚ್ಚಿಕೊಂಡಳು, ಮುದುಕಿ, ಪಾಪ ಅನ್ನಬೇಡ, ಪಾಪ ಅಂದರೆ ಮುಗಿಯಿತು, ಅತ್ತೆ ಕೆಂಪು ರಿಬ್ಬನ್ನಿನ ಕತ್ತರಿ ಕೊಟ್ಟಳು, ಮೆಯ್ರಿಮ್ ನನ್ನ ಪಕ್ಕಕ್ಕೆ ಬಂದು ನಿಂತಳು, ನಾನು ಒಂದು ತೋಳಿನಿಂದ ಎಸೆನ್‌ನ ಎದೆ ಬಳಸಿ ಹಿಡಿದಿದ್ದೇನೆ, ಅವನ ಪುಟ್ಟ ಎದೆ ಡಬಡಬ ಅನ್ನುತ್ತಿದೆ, ನನ್ನದೂ, ಇವನ ನಡೆ ನನ್ನ ನಡೆಯ ಹಾಗಾಗ್ಲಿ ಅನ್ನಿ ಟೀಚರ್, ಎಂದು ಯಾರೋ ಹೇಳಿಕೊಟ್ಟರು, ಅವಳು ಅಂದಳು, ಕತ್ತರಿ ಇಟ್ಟಳು, ಉಣ್ಣೆ ಹುರಿ, ಮೃದು, ಸಡಿಲ, ಮಗ ಕಾಲಾಡಿಸುತ್ತಾನೆ, ಕತ್ತರಿ ಜಾರಿತು, ಜನ ನಕ್ಕರು, ಈಗ ಹೇಳು, ಮತ್ತೆ ಇಟ್ಟಳು, ಮತ್ತೆ ಜಾರಿತು, ಈಗ, ಈಗಲೇ, ಬೇಡ ಎಂಬುದು ಹಲ್ಲಿನ ಹಿಂದೆ ಬಂದು ನಿಂತಿದೆ, ಬಾಯಿ ತೆರೆದೆ. ಅವಳು ತಲೆ ಎತ್ತದೆ, ಅದೇ ಗಣಿತದ ಧ್ವನಿಯಲ್ಲಿ, ಬಿಗಿಯಾಗಿ ಹಿಡಿ ಕಾಮ್ಶಾತ್, ಅಂದಳು — ಬೇಡ, ಹೇಳುತ್ತೇನೆ, ಹೇಳುತ್ತಿದ್ದೇನೆ, ಹುರಿಯನ್ನು ಯಾರೋ ಹಿಡಿದಿದ್ದಾರೆ, ಮಗನ ಎರಡು ಪಾದಗಳ ನಡುವೆ, ಹೆಬ್ಬೆರಳು ತೋರುಬೆರಳು, ಉಗುರು ಚೊಕ್ಕವಾಗಿದೆ, ಒಂದಿಷ್ಟೂ ನಡುಗುತ್ತಿಲ್ಲ, ಹುರಿ ತಂತಿಯ ಹಾಗೆ ನಿಂತಿದೆ, ಅವನ ಕಾಲಿನ ನಡುಕ ಹುರಿಯ ಮೂಲಕ ಬರುತ್ತಿದೆ, ನನ್ನ ಬೆರಳಿಗೆ, ನನ್ನ ಎರಡು ಬೆರಳು, ಬಿಗಿಯಾಗಿ, ನನ್ನ ಎರಡು ಬೆರಳು